ಡಯೋಡ್ ಆವರ್ತನ ಗುಣಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೀಕ್ವೆನ್ಸಿ ಮಲ್ಟಿಪ್ಲೈಯರ್ ಕಟ್ಟಲು ಕೂತವರು ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ, ಎದುರು ಸಿಕ್ಕಾಗ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ಓಮ್‌ನ ನಿಯಮ, ಎಲ್‌ಸಿ ರೆಸೊನೆನ್ಸ್, ಡಿಬಿ ಲೆಕ್ಕ ಗೊತ್ತಿದ್ದರೆ ಓದಲು ಸಾಕು.

## ಮೊದಲ ಮೆಟ್ಟಿಲು

ಡಯೋಡ್ ಅಂದ್ರೆ ಒಂದೇ ಕಡೆಗೆ ಕರೆಂಟ್ ಬಿಡೋ ಬಾಗಿಲು ಅಷ್ಟೇ ಅಲ್ವಾ? ಅದು 10 ಮೆಗಾಹರ್ಟ್ಸನ್ನ 20 ಹೇಗೆ ಮಾಡುತ್ತೆ?

ಆ ಬಾಗಿಲೇ ಸಾಕು. ಸೈನ್ ಅಲೆಯ ಆಕಾರ ಕೆಟ್ಟರೂ ಅದು ಅದೇ ಅವಧಿಯಲ್ಲಿ ಮರುಕಳಿಸುತ್ತಿದ್ದರೆ, ಅದರೊಳಗೆ ಮೂಲ ಆವರ್ತನದ ಪೂರ್ಣಾಂಕ ಪಟ್ಟುಗಳು, ಅಂದರೆ ಹಾರ್ಮೋನಿಕ್‌ಗಳು, ಇದ್ದೇ ಇರುತ್ತವೆ. ಎರಡು ಡಯೋಡ್‌ಗಳ ಫುಲ್‌ವೇವ್ ರೆಕ್ಟಿಫೈಯರನ್ನು ನೆನೆಸಿಕೊಳ್ಳಿ. ಕೆಳಗಿನ ಗುಡ್ಡ ಮಗುಚಿ ಮೇಲೆ ಬಂದಾಗ ಒಂದು ಸುತ್ತಿನಲ್ಲಿ ಎರಡು ಗುಡ್ಡಗಳಾಗುತ್ತವೆ. 1 ವೋಲ್ಟ್ ಪೀಕ್ ಇರುವ ಸೈನ್ ಅಲೆಯನ್ನು ಹೀಗೆ ಮಗುಚಿದರೆ ಡಿಸಿ 0.637 ವೋಲ್ಟ್, ಎರಡನೇ ಹಾರ್ಮೋನಿಕ್ 0.424, ನಾಲ್ಕನೆಯದು 0.085, ಆರನೆಯದು 0.036 ಬರುತ್ತವೆ. ಮೂಲ ಆವರ್ತನವೂ ಮೂರನೆಯದೂ ಆದರ್ಶ ಜೋಡಿಯಲ್ಲಿ ಸೊನ್ನೆ.

ಹಾರ್ಮೋನಿಕ್ ಹುಟ್ಟಿಸುವುದು ಡಯೋಡ್‌ಗೆ ಕಷ್ಟದ ಕೆಲಸವಲ್ಲ, ಬೇಡವೆಂದರೂ ಹುಟ್ಟಿಸುತ್ತದೆ. ವಿನ್ಯಾಸದ ಕಷ್ಟವೆಲ್ಲ ಹುಟ್ಟಿದ ಒಂದೊಂದಕ್ಕೂ ಹರಿಯಲು ಎಲ್ಲಿ ದಾರಿ ಕೊಡುತ್ತೀರಿ ಎಂಬುದರಲ್ಲಿದೆ. ಡಿಸಿ ಕೂಡ ಆ ಪಟ್ಟಿಯಲ್ಲಿ ಒಂದು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಮಾತಿನ ಸುತ್ತಲೇ ತಿರುಗುತ್ತವೆ.

ನನಗೆ 1.5 ಪಟ್ಟು ಬೇಕು. ಡಯೋಡ್‌ನಿಂದ ಆಗುತ್ತಾ?

ನೇರವಾಗಿ ಆಗದು, ಸಿಗುವುದು ಪೂರ್ಣಾಂಕ ಪಟ್ಟುಗಳು ಮಾತ್ರ. ಮೂರು ಪಟ್ಟು ಮಾಡಿ ಎರಡರಿಂದ ಭಾಗಿಸಿ. ಇಲ್ಲವೇ ಎರಡರಿಂದ ಭಾಗಿಸಿ, ಬಂದದ್ದನ್ನು ಮೂಲದೊಡನೆ ಮಿಕ್ಸ್ ಮಾಡಿ.

ಪಿಎಲ್‌ಎಲ್ ಚಿಪ್ ಇದೆ, ಟ್ರಾನ್ಸಿಸ್ಟರ್ ಗುಣಕ ಇದೆ. ಈಗಲೂ ಡಯೋಡ್ ಯಾಕೆ?

ಬೇಕಾದ ಆವರ್ತನ ಆಗಾಗ ಬದಲಾಗುತ್ತಿದ್ದರೆ ಪಿಎಲ್‌ಎಲ್ (ಆಸಿಲೇಟರನ್ನು ಲೂಪ್ ಮೂಲಕ ಮೂಲ ಆವರ್ತನಕ್ಕೆ ಲಾಕ್ ಮಾಡುವ ಚಿಪ್) ತೆಗೆದುಕೊಳ್ಳಿ, ಅಲ್ಲಿ ಡಯೋಡ್ ಗುಣಕಕ್ಕೆ ಕೆಲಸವಿಲ್ಲ. ಒಂದೇ ಆವರ್ತನ, ಅದರ ಫೇಸ್ ನಾಯ್ಸ್ (ಫೇಸ್‌ನ ನಡುಕ) ಆದಷ್ಟು ಕಡಿಮೆ ಎಂದಾಗ ಡಯೋಡ್‌ನ ಸರದಿ. ಶಾಟ್ಕಿ ಡಯೋಡ್ (ಪಿಎನ್ ಬದಲು ಲೋಹ-ಅರೆವಾಹಕ ಜಂಕ್ಷನ್ ಇರುವುದು) ತಾನಾಗಿ ಸೇರಿಸುವ ಗದ್ದಲ ಅತ್ಯಲ್ಪ. ಲೂಪ್ ಇಲ್ಲದ್ದರಿಂದ ಲಾಕ್ ತಪ್ಪುವ ಚಿಂತೆಯೂ ಇಲ್ಲ. ಟ್ರಾನ್ಸಿಸ್ಟರ್ ಗುಣಕ ಗೇನ್ ಕೊಡಬಲ್ಲದು ನಿಜ, ಆದರೆ ಬಯಾಸ್ ಮತ್ತು ಟ್ಯೂನಿಂಗ್ ತಪ್ಪಿದರೆ ಅದು ಆಸಿಲೇಟರ್ ಆಗುತ್ತದೆ. ಶಾಟ್ಕಿ ಜೋಡಿ ಎಂದೂ ಹಾಗೆ ಮಾಡದು.

ಎಷ್ಟು ಪವರ್ ಕಳೆದುಕೊಳ್ಳಬೇಕಾಗುತ್ತೆ?

ರೆಸಿಸ್ಟರ್‌ನಂತೆ ವರ್ತಿಸುವ ಡಯೋಡ್‌ನಲ್ಲಿ, ಅಂದರೆ ಶಾಟ್ಕಿಯಲ್ಲಿ, ಎನ್ ಪಟ್ಟಿಗೆ ಗರಿಷ್ಠ ದಕ್ಷತೆ 1/ಎನ್². ಡಬ್ಲರ್‌ನಲ್ಲಿ ಕನಿಷ್ಠ 6 ಡಿಬಿ, ಟ್ರಿಪ್ಲರ್‌ನಲ್ಲಿ 9.5, ನಾಲ್ಕು ಪಟ್ಟಿಗೆ 12 ಡಿಬಿ ನಷ್ಟ. ಎಂಥ ಜಾಣ ಸರ್ಕ್ಯೂಟ್ ಬರೆದರೂ ಇದನ್ನು ದಾಟಲಾಗದು. ಡಯೋಡ್ ಡ್ರಾಪ್, ಕಾಯಿಲ್ ನಷ್ಟ ಸೇರಿದಾಗ ಕೈಗೆ ಸಿಗುವ ಡಬ್ಲರ್ ನಷ್ಟ 8ರಿಂದ 10 ಡಿಬಿ.

ವೋಲ್ಟೇಜ್‌ಗೆ ತಕ್ಕಂತೆ ಬದಲಾಗುವ ಕೆಪಾಸಿಟರ್‌ನಂತೆ ವರ್ತಿಸುವ ವ್ಯಾರಾಕ್ಟರ್ ಡಯೋಡ್‌ಗೆ ಈ ಮಿತಿ ಇಲ್ಲ. ಮ್ಯಾನ್ಲಿ ಮತ್ತು ರೋ 1956ರಲ್ಲಿ ತೋರಿಸಿದಂತೆ, ನಷ್ಟವಿಲ್ಲದ ರಿಯಾಕ್ಟೆನ್ಸ್‌ಗೆ ಒಳಹೋದ ಪವರ್ ಪೂರ್ತಿ ಹಾರ್ಮೋನಿಕ್‌ಗಳಾಗಿ ಹೊರಬರಲೇಬೇಕು. ಕಾಗದದ ಮೇಲೆ ಅದು ಶೇ. 100. ನಿಜದ ಡಯೋಡ್‌ನಲ್ಲಿ ಸೀರೀಸ್ ರೆಸಿಸ್ಟೆನ್ಸ್ ಅದನ್ನು ತಿನ್ನುತ್ತದೆ.

## ಡಯೋಡ್ ಆಯ್ಕೆ

1ಎನ್4148 ಡಬ್ಬಿ ತುಂಬಾ ಬಿದ್ದಿವೆ. ಅವೇ ಸಾಲಲ್ವಾ?

5 ಮೆಗಾಹರ್ಟ್ಸ್‌ನಲ್ಲಿ ಪ್ರಯೋಗ ಮಾಡಲು ಸಾಕು. ಅದು ಪಿಎನ್ ಜಂಕ್ಷನ್, ರಿವರ್ಸ್ ರಿಕವರಿ, ಅಂದರೆ ಬಾಗಿಲು ಮುಚ್ಚಲು ಹಿಡಿಯುವ ಹೊತ್ತು, 4 ನ್ಯಾನೋಸೆಕೆಂಡ್. 10 ಮೆಗಾಹರ್ಟ್ಸ್‌ನಲ್ಲಿ ಅರ್ಧ ಸುತ್ತು 50 ನ್ಯಾನೋಸೆಕೆಂಡ್, ನಡೆಯುತ್ತದೆ. 50 ಮೆಗಾಹರ್ಟ್ಸ್‌ನಲ್ಲಿ ಅರ್ಧ ಸುತ್ತೇ 10 ನ್ಯಾನೋಸೆಕೆಂಡ್. ಮುಚ್ಚಬೇಕಾದ ಹೊತ್ತಿನ ಸುಮಾರು ಶೇ. 40 ಭಾಗ ಬಾಗಿಲು ತೆರೆದೇ ಇರುತ್ತದೆ. ಜೊತೆಗೆ 0.7 ವೋಲ್ಟ್ ಡ್ರಾಪ್ ಇರುವುದರಿಂದ ಹೆಚ್ಚು ಡ್ರೈವ್ ಕೇಳುತ್ತದೆ.

1ಎನ್5711 ಶಾಟ್ಕಿಯಲ್ಲಿ ಚಾರ್ಜ್ ಶೇಖರಣೆಯ ತೊಂದರೆಯೇ ಇಲ್ಲ. ಕೆಪಾಸಿಟೆನ್ಸ್ 2 ಪಿಕೋಫ್ಯಾರಡ್, 1 ಮಿಲಿಆಂಪ್‌ಗೆ ಡ್ರಾಪ್ ಸುಮಾರು 0.4 ವೋಲ್ಟ್. ಬಿಎಟಿ54 ಸರಣಿ ಸುಲಭವಾಗಿ ಸಿಗುತ್ತದೆ, ಆದರೆ ಕೆಪಾಸಿಟೆನ್ಸ್ 10 ಪಿಕೋಫ್ಯಾರಡ್‌ವರೆಗೆ ಇರಬಹುದು. 20–30 ಮೆಗಾಹರ್ಟ್ಸ್ ಔಟ್‌ಪುಟ್ ಮೀರಿದರೆ ಅದನ್ನು ಮರೆತುಬಿಡಿ. ಅದಕ್ಕೂ ಮೇಲೆ ಎಚ್‌ಎಸ್‌ಎಂಎಸ್-282 ಸರಣಿಯಂಥ 1 ಪಿಕೋಫ್ಯಾರಡ್ ಆಸುಪಾಸಿನ ಆರ್‌ಎಫ್ ಶಾಟ್ಕಿ ಬೇಕು.

ಶಾಟ್ಕಿ, ವ್ಯಾರಾಕ್ಟರ್, ಸ್ಟೆಪ್ ರಿಕವರಿ: ಮೂರರಲ್ಲಿ ನನ್ನ ಕೆಲಸಕ್ಕೆ ಯಾವುದು?

ಎರಡು ಅಥವಾ ಮೂರು ಪಟ್ಟು, ಕಡಿಮೆ ಗದ್ದಲ, ಅಗಲ ಬ್ಯಾಂಡ್, ಟ್ಯೂನಿಂಗ್ ರಗಳೆ ಬೇಡ ಎಂದರೆ ಶಾಟ್ಕಿ. ವಾಟ್‌ಗಟ್ಟಲೆ ಪವರ್ ಒಳಹಾಕಿ ಅದರ ಅರ್ಧವನ್ನಾದರೂ ಹೊರತೆಗೆಯಬೇಕು ಎಂದರೆ ವ್ಯಾರಾಕ್ಟರ್. ಬೆಲೆಯಾಗಿ ಇಕ್ಕಟ್ಟಿನ ಬ್ಯಾಂಡ್ ಮತ್ತು ಮುನಿಸಿಕೊಳ್ಳುವ ಟ್ಯೂನಿಂಗ್ ತೆರಬೇಕು. ಒಂದೇ ಹೆಜ್ಜೆಯಲ್ಲಿ 10, 20 ಪಟ್ಟು ಜಿಗಿಯಬೇಕು ಅಥವಾ ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ಹಾರ್ಮೋನಿಕ್ ಬೇಕು ಎಂದರೆ ಸ್ಟೆಪ್ ರಿಕವರಿ, ಅಂದರೆ ಶೇಖರಿಸಿದ ಚಾರ್ಜ್ ಮುಗಿದೊಡನೆ ತಟ್ಟನೆ ಮುಚ್ಚುವ ಡಯೋಡ್. ಅದರಲ್ಲಿ ಎನ್ ಪಟ್ಟಿಗೆ ದಕ್ಷತೆ ಒರಟಾಗಿ 1/ಎನ್, ಶಾಟ್ಕಿಯ 1/ಎನ್²ಗಿಂತ ಎಷ್ಟೋ ಮೇಲು.

ಯಾವುದನ್ನೇ ಆರಿಸಿದರೂ ಕಟ್‌ಆಫ್ ಆವರ್ತನ ನೋಡಿ: 1/(2π × ಸೀರೀಸ್ ರೆಸಿಸ್ಟೆನ್ಸ್ × ಜಂಕ್ಷನ್ ಕೆಪಾಸಿಟೆನ್ಸ್). 6 ಓಮ್, 0.7 ಪಿಕೋಫ್ಯಾರಡ್ ಆದರೆ ಸುಮಾರು 38 ಗಿಗಾಹರ್ಟ್ಸ್. ವ್ಯಾರಾಕ್ಟರ್‌ನಲ್ಲಿ ಇದು ಔಟ್‌ಪುಟ್ ಆವರ್ತನದ ಕನಿಷ್ಠ 20 ಪಟ್ಟು, ಸಾಧ್ಯವಾದರೆ 50 ಪಟ್ಟು ಇರಲಿ.

ಎರಡು ಡಯೋಡನ್ನ ಜೋಡಿ ಹೊಂದಿಸೋದು ಹೇಗೆ? ಅಷ್ಟು ಮುಖ್ಯಾನಾ?

ಮೂಲ ಆವರ್ತನ ಎಷ್ಟು ರದ್ದಾಗುತ್ತದೆ ಎಂಬುದು ಈ ಜೋಡಿಯ ಮೇಲೇ ನಿಂತಿದೆ. ಮಲ್ಟಿಮೀಟರ್‌ನ ಡಯೋಡ್ ಟೆಸ್ಟ್‌ನಲ್ಲಿ ಹತ್ತು ಡಯೋಡ್ ಅಳೆದು, 5 ಮಿಲಿವೋಲ್ಟ್ ಒಳಗಿನ ವ್ಯತ್ಯಾಸದ ಎರಡನ್ನು ಆರಿಸಿ. ಬೆರಳಲ್ಲಿ ಹಿಡಿದು ಅಳೆಯಬೇಡಿ. ಡಯೋಡ್ ಒಂದು ಡಿಗ್ರಿ ಬಿಸಿಯಾದರೆ ಡ್ರಾಪ್ 1ರಿಂದ 2 ಮಿಲಿವೋಲ್ಟ್ ಇಳಿಯುತ್ತದೆ, ಬೆರಳಿನ ಬಿಸಿಯೇ ನಿಮ್ಮ ಆಯ್ಕೆಯನ್ನು ಹಾಳುಮಾಡೀತು. ಬೆಸುಗೆ ಹಾಕುವಾಗ ಎರಡನ್ನೂ ಒಂದಕ್ಕೊಂದು ತಾಗಿಸಿ ಕೂರಿಸಿ.

ಇದಕ್ಕಿಂತ ಸುಲಭದ ದಾರಿ ಒಂದೇ ಕವಚದ ಜೋಡಿ ಡಯೋಡ್. ಇಲ್ಲಿ ಕೊನೆಯ ಅಂಕಿ, ಅಕ್ಷರ ನೋಡಿ ಕೊಳ್ಳಬೇಕು. ಫುಲ್‌ವೇವ್ ಡಬ್ಲರ್‌ಗೆ ಎರಡೂ ಕ್ಯಾಥೋಡ್ ಒಂದಾಗಿರುವ ಬಿಎಟಿ54ಸಿ ಅಥವಾ ಎಚ್‌ಎಸ್‌ಎಂಎಸ್-2824. ಟ್ರಿಪ್ಲರ್‌ಗೆ ಸೀರೀಸ್ ಜೋಡಿಯಾದ ಬಿಎಟಿ54ಎಸ್ ಅಥವಾ ಎಚ್‌ಎಸ್‌ಎಂಎಸ್-2822. ಅದರ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿದರೆ, ಆ ಕೂಡಿಗೂ ನಡುವಿನ ಕಾಲಿಗೂ ಮಧ್ಯೆ ಎದುರುಬದುರು ಜೋಡಿ ಸಿದ್ಧ.

## ಕಟ್ಟುವ ಕೆಲಸ

10 ಮೆಗಾಹರ್ಟ್ಸ್‌ನಿಂದ 20ಕ್ಕೆ ಡಬ್ಲರ್. ಬಿಡಿಭಾಗಗಳ ಮೌಲ್ಯ ಸಮೇತ ಹೇಳ್ತೀರಾ?

ಟ್ರಾನ್ಸ್‌ಫಾರ್ಮರ್: ಎಫ್‌ಟಿ37-43 ಫೆರೈಟ್ ಟೊರಾಯ್ಡ್. 0.25 ಮಿಲಿಮೀಟರ್ ಎನಾಮೆಲ್ ತಾಮ್ರದ ತಂತಿಯ ಮೂರು ಎಳೆ, ತಲಾ 20 ಸೆಂಟಿಮೀಟರ್. ಸೆಂಟಿಮೀಟರಿಗೆ ಮೂರು ಹೊಸೆತದಂತೆ ಜಡೆ ಹೊಸೆದು 8 ಸುತ್ತು ಹಾಕಿ. ತಂತಿ ರಂಧ್ರದ ಮೂಲಕ ಒಮ್ಮೆ ಹಾದರೆ ಅದೇ ಒಂದು ಸುತ್ತು. ತುದಿಗಳ ಎನಾಮೆಲ್ ಕೆರೆದು, ಮೀಟರ್‌ನಿಂದ ಮೂರು ಎಳೆಗಳನ್ನು ಗುರುತಿಸಿ. ಮೊದಲನೆಯದು ಪ್ರೈಮರಿ. ಎರಡನೆಯದರ ಕೊನೆಯನ್ನು ಮೂರನೆಯದರ ಆರಂಭಕ್ಕೆ ಕೂಡಿಸಿ ಗ್ರೌಂಡ್ ಮಾಡಿ. ಅದೇ ಸೆಂಟರ್ ಟ್ಯಾಪ್.

ಉಳಿದ ಎರಡು ತುದಿಗಳು ಎರಡು ಆನೋಡ್‌ಗಳಿಗೆ. ಕ್ಯಾಥೋಡ್‌ಗಳು ಒಟ್ಟಿಗೆ ಸೇರಿ, ಅಲ್ಲಿಂದ 10 ಮೈಕ್ರೋಹೆನ್ರಿ ಚೋಕ್ ಗ್ರೌಂಡ್‌ಗೆ, 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮುಂದಕ್ಕೆ. ಬಳಿಕ 3 ಡಿಬಿ ಪ್ಯಾಡ್ (ರೆಸಿಸ್ಟರ್ ಅಟೆನ್ಯುಯೇಟರ್): ಸೀರೀಸ್‌ನಲ್ಲಿ 18 ಓಮ್, ಎರಡೂ ಬದಿ ಗ್ರೌಂಡ್‌ಗೆ 300 ಓಮ್. ಆಮೇಲೆ ಫಿಲ್ಟರ್.

ಲೆವೆಲ್ ಲೆಕ್ಕ (ಡಿಬಿಎಂ ಎಂದರೆ 1 ಮಿಲಿವಾಟ್‌ಗೆ ಹೋಲಿಸಿದ ಡಿಬಿ): ಒಳಗೆ +13 ಡಿಬಿಎಂ, ಡಯೋಡ್ ಜೋಡಿಯಲ್ಲಿ ಸುಮಾರು 10 ಡಿಬಿ, ಪ್ಯಾಡ್‌ನಲ್ಲಿ 3, ಫಿಲ್ಟರ್‌ನಲ್ಲಿ 1. ಹೊರಗೆ −1 ಡಿಬಿಎಂ. 14 ಡಿಬಿ ಗೇನ್‌ನ ಆಂಪ್ಲಿಫೈಯರ್ ಸೇರಿಸಿದರೆ ಮತ್ತೆ +13, ಮುಂದಿನ ಡಬ್ಲರ್‌ಗೆ ತಯಾರು.

ಕಟ್ಟಿ ಮುಗಿಸಿದೆ. 20ಕ್ಕಿಂತ 10 ಮೆಗಾಹರ್ಟ್ಸೇ ಜೋರಾಗಿ ಬರ್ತಿದೆ!

ಸೆಂಟರ್ ಟ್ಯಾಪ್ ತಿರುವುಮುರುವಾಗಿದೆ ಎಂದೇ ಮೊದಲು ಅನುಮಾನಿಸಿ. ಎರಡನೇ ಎಳೆಯ ಆರಂಭವನ್ನು ಮೂರನೆಯದರ ಆರಂಭಕ್ಕೆ ಕೂಡಿಸಿದರೆ ಎರಡೂ ಆನೋಡ್ ಒಟ್ಟಿಗೆ ಮೇಲೇರಿ ಒಟ್ಟಿಗೆ ಕೆಳಗಿಳಿಯುತ್ತವೆ. ಆಗ ಅದು ಹಾಫ್‌ವೇವ್ ರೆಕ್ಟಿಫೈಯರ್. ಲೆಕ್ಕದ ಪ್ರಕಾರ ಎರಡನೇ ಹಾರ್ಮೋನಿಕ್ 6 ಡಿಬಿ ಕುಸಿಯುತ್ತದೆ, ಮೂಲ ಆವರ್ತನ ಅದಕ್ಕಿಂತ 7.5 ಡಿಬಿ ಮೇಲಿರುತ್ತದೆ. ಫಿಲ್ಟರ್‌ಗೆ ಮುಂಚೆ ಅಳೆದಾಗ ಈ ಅಂತರ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಒಂದು ಡಯೋಡ್ ಸತ್ತಿದ್ದರೂ ಲಕ್ಷಣ ಇದೇ. ಚೋಕ್‌ನ ಗ್ರೌಂಡ್ ತುದಿಯಲ್ಲಿ ಮೊದಲೇ 10 ಓಮ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ 100 ನ್ಯಾನೋಫ್ಯಾರಡ್ ಹಾಕಿಟ್ಟಿದ್ದರೆ ಪತ್ತೆ ಸುಲಭ. ಎರಡೂ ಡಯೋಡ್ ದುಡಿಯುವಾಗಿನ ಡಿಸಿ ವೋಲ್ಟೇಜನ್ನು ಬರೆದಿಟ್ಟುಕೊಳ್ಳಿ. ಒಂದು ಹೋದಾಗ ಅದು ಸುಮಾರು ಅರ್ಧಕ್ಕೆ ಬೀಳುತ್ತದೆ.

ಎರಡೂ ಸರಿಯಿದ್ದು ರದ್ದತಿ ಮಾತ್ರ 20 ಡಿಬಿ ದಾಟದಿದ್ದರೆ ತಂತಿಯ ಉದ್ದ ನೋಡಿ. ಟೊರಾಯ್ಡ್‌ನಿಂದ ಆನೋಡ್‌ವರೆಗಿನ ಎರಡೂ ತಂತಿ ಸಮ ಇರಬೇಕು. ಹೊಂದಿದ ಜೋಡಿ, ಸಮ ತಂತಿ ಇದ್ದರೆ 30ರಿಂದ 40 ಡಿಬಿ ರದ್ದತಿ ನಿರೀಕ್ಷಿಸಬಹುದು.

ಚೋಕ್ ಇಲ್ದೆ ಬರೀ ಕಪ್ಲಿಂಗ್ ಕೆಪಾಸಿಟರ್ ಹಾಕಿದೆ. ಔಟ್‌ಪುಟ್ ಯಾಕೆ ಸತ್ತುಹೋಯ್ತು?

ಪೋಸ್ಟ್‌ಗಳಲ್ಲಿ ಅತಿ ಹೆಚ್ಚು ಬರುವ ದೂರು ಇದೇ. ರೆಕ್ಟಿಫೈ ಆದಾಗ ಡಿಸಿಯೂ ಹುಟ್ಟುತ್ತದೆ. ಅದು ಡಯೋಡ್‌ನಿಂದ ಹೊರಟು ಗ್ರೌಂಡ್ ಮೂಲಕ ಸೆಂಟರ್ ಟ್ಯಾಪ್‌ಗೆ ಮರಳಬೇಕು. ಕೆಪಾಸಿಟರ್ ಆ ದಾರಿಯನ್ನು ಕಟ್ಟಿಹಾಕಿದೆ. ಮೊದಲ ಕೆಲವು ಸುತ್ತುಗಳಲ್ಲಿ ಕೆಪಾಸಿಟರ್ ಪೀಕ್ ವೋಲ್ಟೇಜ್‌ವರೆಗೆ ತುಂಬಿಕೊಳ್ಳುತ್ತದೆ, ಇಳಿಯಲು ದಾರಿಯಿಲ್ಲ. ಕ್ಯಾಥೋಡ್ ಮೇಲೇ ನಿಂತುಬಿಟ್ಟ ಮೇಲೆ ಡಯೋಡ್‌ಗಳು ತೆರೆಯುವುದೇ ಇಲ್ಲ. ಅಷ್ಟೂ ಸಾಲದೆಂಬಂತೆ ಆಸಿಲ್ಲೊಸ್ಕೋಪ್ ಪ್ರೋಬ್ ಇಟ್ಟ ಕೂಡಲೇ ಅದರ 10 ಮೆಗಾಓಮ್ ಮೂಲಕ ಸ್ವಲ್ಪ ಡಿಸಿ ಸೋರಿ, ಏನೋ ಬರುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

10 ಮೈಕ್ರೋಹೆನ್ರಿ ಚೋಕ್ 20 ಮೆಗಾಹರ್ಟ್ಸ್‌ಗೆ 1250 ಓಮ್, ಡಿಸಿಗೆ ಬರೀ ತಂತಿ. ಅದರ ಸೆಲ್ಫ್ ರೆಸೊನೆನ್ಸ್ 20 ಮೆಗಾಹರ್ಟ್ಸ್‌ಗಿಂತ ಮೇಲಿದೆಯೇ ಎಂದು ಡೇಟಾಶೀಟ್‌ನಲ್ಲಿ ನೋಡಿಕೊಳ್ಳಿ.

20 ಮೆಗಾಹರ್ಟ್ಸ್ ಫಿಲ್ಟರ್ ಲೆಕ್ಕ ಬೇಕು.

ಎರಡು ರೆಸೊನೇಟರ್, ಬ್ಯಾಂಡ್‌ವಿಡ್ತ್ 2 ಮೆಗಾಹರ್ಟ್ಸ್, ಬಟರ್‌ವರ್ತ್.

ಕಾಯಿಲ್ ಟಿ37-6, ಹಳದಿ ಬಣ್ಣದ ಕಬ್ಬಿಣಪುಡಿ ಟೊರಾಯ್ಡ್. 10 ಸುತ್ತಿಗೆ 0.3 ಮೈಕ್ರೋಹೆನ್ರಿ, 20 ಮೆಗಾಹರ್ಟ್ಸ್‌ನಲ್ಲಿ 37.7 ಓಮ್. ರೆಸೊನೆನ್ಸ್‌ಗೆ ಒಟ್ಟು 211 ಪಿಕೋಫ್ಯಾರಡ್. ಲೋಡೆಡ್ ಕ್ಯೂ 14.1 ಬೇಕು, ಹಾಗಾಗಿ ರೆಸೊನೇಟರ್‌ಗೆ 533 ಓಮ್ ಕಾಣಿಸಬೇಕು. 50 ಓಮನ್ನು 533 ಮಾಡಲು ತುದಿಗಳಲ್ಲಿ ಸೀರೀಸ್ ಕೆಪಾಸಿಟರ್ 51 ಪಿಕೋಫ್ಯಾರಡ್. ಎರಡು ರೆಸೊನೇಟರ್ ನಡುವೆ 0.0707 × 211, ಅಂದರೆ 15 ಪಿಕೋಫ್ಯಾರಡ್. ತುದಿಯ ಕೆಪಾಸಿಟರ್ ರೆಸೊನೇಟರ್‌ಗೆ 46 ಪಿಕೋಫ್ಯಾರಡ್‌ನಂತೆ ಕಾಣುತ್ತದೆ. 211ರಿಂದ 46 ಮತ್ತು 15 ಕಳೆದರೆ 150 ಉಳಿಯುತ್ತದೆ. 120 ಪಿಕೋಫ್ಯಾರಡ್ ಎನ್‌ಪಿ0 ಸೆರಾಮಿಕ್, ಪಕ್ಕಕ್ಕೆ 10–60ರ ಟ್ರಿಮ್ಮರ್. ಎರಡೂ ರೆಸೊನೇಟರ್‌ಗೆ ಅದೇ.

ಕಾಯಿಲ್‌ನ ಕ್ಯೂ 120 ಇದ್ದರೆ ನಷ್ಟ 1 ಡಿಬಿ. 10 ಮೆಗಾಹರ್ಟ್ಸ್ 45 ಡಿಬಿಗೂ ಹೆಚ್ಚು ಕೆಳಗೆ ಹೋಗುತ್ತದೆ. ಜೋಡಣೆ ಎಲ್ಲ ಕೆಪಾಸಿಟರ್ ಮೂಲಕ ಆಗಿರುವುದರಿಂದ ಮೇಲ್ಗಡೆ, ಅಂದರೆ 40 ಮತ್ತು 60 ಮೆಗಾಹರ್ಟ್ಸ್ ಕಡೆ, ಫಿಲ್ಟರ್ ಸಡಿಲ. ಅವು ತೊಂದರೆ ಕೊಟ್ಟರೆ ಹಿಂದೆ ಒಂದು ಚಿಕ್ಕ ಲೋಪಾಸ್ ಸೇರಿಸಿ. ಎರಡು ಟೊರಾಯ್ಡ್‌ಗಳ ನಡುವೆ 2 ಸೆಂಟಿಮೀಟರ್ ಬಿಡಿ, ನೆಲಕ್ಕೆ ಅಖಂಡ ತಾಮ್ರದ ಹಾಳೆ ಇರಲಿ.

ಫಿಲ್ಟರನ್ನ ಒಂಟಿಯಾಗಿ ಟ್ಯೂನ್ ಮಾಡಿದಾಗ ಚೆನ್ನಾಗಿತ್ತು. ಡಯೋಡ್‌ಗೆ ಜೋಡಿಸಿದ್ರೆ ಲೆವೆಲ್ ಕುಣಿಯುತ್ತೆ.

ಫಿಲ್ಟರ್ ಬೇಡದ ಹಾರ್ಮೋನಿಕ್‌ಗಳನ್ನು ನುಂಗುವುದಿಲ್ಲ, ಬಂದ ದಾರಿಗೇ ತಳ್ಳುತ್ತದೆ. ಅವು ಡಯೋಡ್‌ಗೆ ಮರಳಿ ಮತ್ತೆ ಬೆರೆತು ಎರಡನೇ ಹಾರ್ಮೋನಿಕ್‌ಗೆ ಕೂಡುತ್ತವೆ ಅಥವಾ ಕಳೆಯುತ್ತವೆ. ಕೂಡುತ್ತವೋ ಕಳೆಯುತ್ತವೋ ಎಂಬುದನ್ನು ನಡುವಿನ ತಂತಿಯ ಉದ್ದ ತೀರ್ಮಾನಿಸುತ್ತದೆ. ನಡುವಿನ 3 ಡಿಬಿ ಪ್ಯಾಡ್ ಇದಕ್ಕಾಗಿಯೇ, ಮರಳುವ ಅಲೆ ಅದರಲ್ಲಿ ಎರಡು ಸಲ ಹಾದು 6 ಡಿಬಿ ಸೊರಗುತ್ತದೆ. ಒಳಬದಿಗೂ 2–3 ಡಿಬಿ ಪ್ಯಾಡ್ ಒಳ್ಳೆಯದು, ಡಯೋಡ್‌ನ ಇಂಪೀಡೆನ್ಸ್ ಸುತ್ತಿಗೆರಡು ಸಲ ಏರಿಳಿಯುವುದನ್ನು ಆಸಿಲೇಟರ್ ನೋಡಬಾರದು. ನಷ್ಟಕ್ಕೆ ಹೆದರಿ ಪ್ಯಾಡ್ ಬಿಡುವವರು ಬಹಳ. ನಮ್ಮ ಅಭಿಪ್ರಾಯದಲ್ಲಿ ಅದು ತಪ್ಪು ಉಳಿತಾಯ.

ಡ್ರೈವ್ ಜಾಸ್ತಿ ಕೊಟ್ಟಷ್ಟೂ ಒಳ್ಳೇದಾ?

ಒಂದು ಹಂತದವರೆಗೆ. +5 ಡಿಬಿಎಂನಲ್ಲಿ ಪೀಕ್ 0.56 ವೋಲ್ಟ್, 0.4ರ ಡ್ರಾಪ್ ಕಳೆದರೆ ಉಳಿಯುವುದು ಚೂರುಪಾರು. ಆಗ ಇನ್‌ಪುಟ್ 1 ಡಿಬಿ ಇಳಿದರೆ ಔಟ್‌ಪುಟ್ ಅದಕ್ಕಿಂತ ಹೆಚ್ಚು ಇಳಿಯುತ್ತದೆ. +13ರಲ್ಲಿ ಪೀಕ್ 1.41 ವೋಲ್ಟ್, ಡ್ರಾಪ್‌ನ ಪಾಲು ಸಹ್ಯ. +17 ದಾಟಿದ ಮೇಲೆ ನಷ್ಟ ಹೆಚ್ಚೇನೂ ಕಡಿಮೆಯಾಗದು, ಡಯೋಡ್ ಬಿಸಿಯಾಗುತ್ತದೆ ಅಷ್ಟೇ. 1ಎನ್5711ರ ಕರೆಂಟ್ ಮಿತಿ 15 ಮಿಲಿಆಂಪ್ ಎಂಬುದು ನೆನಪಿರಲಿ. ಜೋಡಿಯಲ್ಲಿ ಮುಚ್ಚಿದ ಡಯೋಡ್ ಮೇಲೆ ಬೀಳುವ ರಿವರ್ಸ್ ವೋಲ್ಟೇಜ್ ಪೀಕ್‌ನ ಎರಡರಷ್ಟು. 15 ವೋಲ್ಟ್ ಬ್ರೇಕ್‌ಡೌನ್ ಇರುವ ಎಚ್‌ಎಸ್‌ಎಂಎಸ್-282 ಸರಣಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಟ್ರಿಪ್ಲರ್‌ಗೆ ಇದೇ ಸರ್ಕ್ಯೂಟ್ ನಡೆಯುತ್ತಾ?

ಇಲ್ಲ, ಫುಲ್‌ವೇವ್ ಜೋಡಿ ಬೆಸ ಹಾರ್ಮೋನಿಕ್‌ಗಳನ್ನೇ ಕೊಲ್ಲುತ್ತದೆ. ಬೆಸಕ್ಕೆ ಎದುರುಬದುರು ಜೋಡಿ ಬೇಕು. ಅದು ಅಲೆಯ ಎರಡೂ ತಲೆಗಳನ್ನು ಸಮನಾಗಿ ಕತ್ತರಿಸಿ ಚೌಕದತ್ತ ತಳ್ಳುತ್ತದೆ. ಸಮ ಹಾರ್ಮೋನಿಕ್‌ಗಳು ಎರಡು ಡಯೋಡ್‌ಗಳ ಕುಣಿಕೆಯೊಳಗೇ ಸುತ್ತುತ್ತವೆ, ಹೊರಗೆ ಬರುವುದಿಲ್ಲ. ಡಿಸಿಯೂ ಹಾಗೇ, ಆದ್ದರಿಂದ ಇಲ್ಲಿ ಚೋಕ್ ಬೇಡ.

ಅನುಕೂಲ ಅಲ್ಲಿಗೆ ಮುಗಿಯಿತು. ಆದರ್ಶ ಚೌಕದಲ್ಲೂ ಮೂರನೆಯದು ಮೂಲಕ್ಕಿಂತ 9.5 ಡಿಬಿ ಕೆಳಗೆ. ಡಬ್ಲರ್‌ನಂತೆ ಮೂಲ ಆವರ್ತನ ತಾನಾಗಿ ರದ್ದಾಗುವುದಿಲ್ಲ, ಎಲ್ಲ ಭಾರ ಫಿಲ್ಟರ್ ಮೇಲೆ. 60 ಡಿಬಿ ಶುದ್ಧತೆ ಬೇಕಾದರೆ ಫಿಲ್ಟರ್ ಒಂದೇ 70ರಷ್ಟು ತಡೆಯಬೇಕು. ಮೂರು ರೆಸೊನೇಟರ್‌ಗಿಂತ ಕಡಿಮೆಯಲ್ಲಿ ನಡೆಯದು. ನಷ್ಟ 12ರಿಂದ 15 ಡಿಬಿ ಎಂದಿಟ್ಟುಕೊಳ್ಳಿ.

ಸ್ಪೆಕ್ಟ್ರಮ್ ಅನಲೈಸರ್ ಇಲ್ಲ, ಸ್ಕೋಪ್ ಮಾತ್ರ ಇದೆ. ಸೋರಿಕೆ ಕಾಣುತ್ತಾ?

ಕಾಣುತ್ತದೆ. ಡಬ್ಲರ್ ಔಟ್‌ಪುಟ್‌ನಲ್ಲಿ ಅಕ್ಕಪಕ್ಕದ ಶಿಖರಗಳ ಎತ್ತರ ನೋಡಿ. ಒಂದು ಎತ್ತರ, ಒಂದು ತಗ್ಗು, ಮತ್ತೆ ಎತ್ತರ ಎಂದಿದ್ದರೆ ಮೂಲ ಆವರ್ತನ ಸೋರುತ್ತಿದೆ. −40 ಡಿಬಿ ಸೋರಿಕೆಗೆ ವ್ಯತ್ಯಾಸ ಶೇ. 2, ಪರದೆಯಲ್ಲಿ ಹಿಗ್ಗಿಸಿದರೆ ಕಣ್ಣಿಗೆ ಸಿಗುತ್ತದೆ. ಆದರೆ ಒಂದು ಬಲೆಯಿದೆ. ಸೋರಿಕೆಯ ಫೇಸ್ 90 ಡಿಗ್ರಿ ಸರಿದಿದ್ದರೆ ಶಿಖರಗಳು ಸಮವಾಗಿಯೇ ಇರುತ್ತವೆ, ಬದಲಿಗೆ ಸೊನ್ನೆ ದಾಟುವ ಬಿಂದುಗಳು ಒಮ್ಮೆ ಹತ್ತಿರ ಒಮ್ಮೆ ದೂರ ಬೀಳುತ್ತವೆ. ಎರಡನ್ನೂ ನೋಡಿ. ಟ್ರಿಗರನ್ನು ಮೂಲ 10 ಮೆಗಾಹರ್ಟ್ಸ್‌ಗೆ ಕೊಡಿ. ಔಟ್‌ಪುಟ್‌ಗೇ ಕೊಟ್ಟರೆ ಎರಡು ಬಗೆಯ ಶಿಖರಗಳೂ ಒಂದರ ಮೇಲೊಂದು ಕೂತು ಬರೀ ದಪ್ಪ ಗೆರೆ ಕಾಣುತ್ತದೆ.

ಅನಲೈಸರ್ ಇರುವವರಿಗೂ ಒಂದು ಮಾತು: ಅದರೊಳಗೂ ಮಿಕ್ಸರ್ ಇದೆ, ಅದೂ ಹಾರ್ಮೋನಿಕ್ ಹುಟ್ಟಿಸುತ್ತದೆ. ಮುಂದೆ 10 ಡಿಬಿ ಅಟೆನ್ಯುಯೇಟರ್ ಹಾಕಿ. ಅನುಮಾನದ ಗೆರೆ 10 ಡಿಬಿ ಇಳಿದರೆ ಅದು ನಿಮ್ಮ ಸರ್ಕ್ಯೂಟ್‌ನದು, 20 ಇಳಿದರೆ ಅನಲೈಸರ್‌ನದು.

## ಮುಂದುವರಿದವರಿಗೆ

ಗುಣಿಸಿದಾಗ ಫೇಸ್ ನಾಯ್ಸ್ ಎಷ್ಟು ಕೆಡುತ್ತೆ? ಒಳ್ಳೇ ಡಯೋಡ್ ಹಾಕಿದ್ರೆ ತಪ್ಪಿಸಬಹುದಾ?

20 ಲಾಗ್ ಎನ್ ಡಿಬಿ, ತಪ್ಪಿಸಲಾಗದು. ಡಬ್ಲರ್‌ಗೆ 6, ಟ್ರಿಪ್ಲರ್‌ಗೆ 9.5, ನೂರು ಪಟ್ಟಿಗೆ 40. ಆವರ್ತನ ಗುಣಿಸಿದರೆ ಫೇಸ್ ಕೂಡ ಗುಣಿಸುತ್ತದೆ, ಫೇಸ್‌ನ ನಡುಕವೂ ಅದರೊಳಗೇ ಬಂತು. 100 ಮೆಗಾಹರ್ಟ್ಸ್‌ನಲ್ಲಿ −165 ಡಿಬಿಸಿ/ಹರ್ಟ್ಸ್ (ಕ್ಯಾರಿಯರ್‌ಗೆ ಹೋಲಿಸಿದ ಡಿಬಿ, 1 ಹರ್ಟ್ಸ್ ಅಗಲದಲ್ಲಿ) ಇದ್ದದ್ದು 10 ಗಿಗಾಹರ್ಟ್ಸ್‌ನಲ್ಲಿ ಎಷ್ಟೇ ಚೆನ್ನಾಗಿ ಕಟ್ಟಿದರೂ −125.

ತಪ್ಪಿಸಬಹುದಾದ ಹಾನಿ ಬೇರೆ ಇದೆ. ಗುಣಕದ ನಂತರ ಲೆವೆಲ್ ತೀರ ಕೆಳಗೆ ಬಿದ್ದರೆ ಮುಂದಿನ ಆಂಪ್ಲಿಫೈಯರ್‌ನ ಉಷ್ಣ ಗದ್ದಲ ಮೇಲೆ ಬರುತ್ತದೆ. ಲೆಕ್ಕ ಸರಳ: −177ಕ್ಕೆ (ಉಷ್ಣ ಗದ್ದಲದ ಫೇಸ್ ಪಾಲು, ಡಿಬಿಎಂ/ಹರ್ಟ್ಸ್) ನಾಯ್ಸ್ ಫಿಗರ್, ಅಂದರೆ ಆಂಪ್ಲಿಫೈಯರ್ ತಾನಾಗಿ ಸೇರಿಸುವ ಗದ್ದಲದ ಅಳತೆ, ಕೂಡಿ, ಸಿಗ್ನಲ್ ಲೆವೆಲ್ ಕಳೆಯಿರಿ. −20 ಡಿಬಿಎಂ ಸಿಗ್ನಲ್, 6 ಡಿಬಿ ನಾಯ್ಸ್ ಫಿಗರ್ ಎಂದರೆ −151. ಒಳ್ಳೆಯ ಕ್ರಿಸ್ಟಲ್ ಆಸಿಲೇಟರ್ ಇಟ್ಟುಕೊಂಡು ಇಲ್ಲಿ ಕೆಡಿಸಿಕೊಳ್ಳಬೇಡಿ.

ಎಂಟು ಪಟ್ಟು ಒಂದೇ ಏಟಿಗೆ ಮಾಡಲಾ, ಎರಡೆರಡಾಗಿ ಮೂರು ಸಲ ಮಾಡಲಾ?

ಶಾಟ್ಕಿಯಲ್ಲಾದರೆ ಮೂರು ಸಲ. ಒಂದೇ ಏಟಿಗೆ ಕನಿಷ್ಠ ನಷ್ಟವೇ 18 ಡಿಬಿ, ನಿಜದಲ್ಲಿ ಇನ್ನೂ ಬಹಳ. ಪಕ್ಕದ 7ನೇ ಮತ್ತು 9ನೇ ಹಾರ್ಮೋನಿಕ್‌ಗಳು ಶೇ. 12.5ರ ದೂರದಲ್ಲೇ ನಿಂತಿರುತ್ತವೆ. ಸಮತೋಲಿತ ಡಬ್ಲರ್‌ನಲ್ಲಿ ಪಕ್ಕದವರು ಅರ್ಧ ಮತ್ತು ಎರಡರಷ್ಟು ಆವರ್ತನದಲ್ಲಿ, ಎಷ್ಟೋ ದೂರ.

ಮೊದಲ ಫಿಲ್ಟರ್‌ನಲ್ಲಿ ಜಿಪುಣತನ ಬೇಡ. ಮೊದಲ ಡಬ್ಲರ್‌ನಿಂದ ಮೂಲ ಆವರ್ತನ −40 ಡಿಬಿಸಿ ಸೋರಿತೆನ್ನಿ. ಆ ಸೋರಿಕೆಯ ಒಂದು ಪಾಲು ಆಂಪ್ಲಿಟ್ಯೂಡ್ ಏರುಪೇರು, ಮುಂದಿನ ಹಂತಗಳಲ್ಲಿ ಅದು ಬಹುಮಟ್ಟಿಗೆ ಸವೆಯುತ್ತದೆ. ಇನ್ನೊಂದು ಪಾಲು ಫೇಸ್ ಏರುಪೇರು, ಎರಡೂ ಬದಿಗೆ −46ರ ಸೈಡ್‌ಬ್ಯಾಂಡ್. ಮುಂದೆ ಇನ್ನೆಂಟು ಪಟ್ಟು ಮಾಡಿದರೆ ಅದು 18 ಡಿಬಿ ಬೆಳೆದು −28ಕ್ಕೆ ಬಂದು ಕೂರುತ್ತದೆ, ಅದೂ ಕ್ಯಾರಿಯರ್‌ಗೆ ಅಂಟಿಕೊಂಡಂತೆ. 108 ಮೆಗಾಹರ್ಟ್ಸ್‌ನಿಂದ 96 ಪಟ್ಟು ಮಾಡಿ 10368ಕ್ಕೆ ಹೋಗುವ ಸರಪಳಿಯಲ್ಲಿ ಈ ಸೈಡ್‌ಬ್ಯಾಂಡ್‌ಗಳು ಶೇ. 1ರಷ್ಟು ಪಕ್ಕದಲ್ಲಿರುತ್ತವೆ. ಅಲ್ಲಿ ಅವನ್ನು ಫಿಲ್ಟರ್ ಮಾಡುವುದಕ್ಕಿಂತ 216ರಲ್ಲೇ ತಡೆಯುವುದು ಎಷ್ಟೋ ಸುಲಭ.

ಹಳೇ 144ರಿಂದ 432 ಮೆಗಾಹರ್ಟ್ಸ್ ವ್ಯಾರಾಕ್ಟರ್ ಟ್ರಿಪ್ಲರ್‌ನಲ್ಲಿ 288ಕ್ಕೂ ಒಂದು ಸರ್ಕ್ಯೂಟ್ ಇದೆ. ಎಲ್ಲಿಗೂ ಜೋಡಿಸಿಲ್ಲ. ಯಾಕೆ?

ಅದಕ್ಕೆ ಐಡ್ಲರ್ ಎಂದು ಹೆಸರು. ಅದನ್ನು ತೆಗೆದರೆ ಔಟ್‌ಪುಟ್ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಬ್ರಪ್ಟ್ ಜಂಕ್ಷನ್ ವ್ಯಾರಾಕ್ಟರ್‌ನಲ್ಲಿ ವೋಲ್ಟೇಜ್ ಚಾರ್ಜ್‌ನ ವರ್ಗದಂತೆ ನಡೆಯುತ್ತದೆ. ವರ್ಗ ಮಾಡಿದರೆ ಎರಡನೇ ಹಾರ್ಮೋನಿಕ್ ಮಾತ್ರ ಹುಟ್ಟುತ್ತದೆ, ಮೂರನೆಯದಕ್ಕೆ ನೇರ ದಾರಿಯಿಲ್ಲ. ಹಾಗಾಗಿ 288ರಲ್ಲಿ ಕರೆಂಟ್ ಸರಾಗವಾಗಿ ಹರಿಯಲು ಡಯೋಡ್‌ಗೆ ಸಮಾನಾಂತರವಾಗಿ ಸೀರೀಸ್ ಎಲ್‌ಸಿ ಕೊಡುತ್ತಾರೆ. ಆ 288 ಅದೇ ಡಯೋಡ್‌ನಲ್ಲಿ 144ರೊಡನೆ ಬೆರೆತು 432 ಆಗುತ್ತದೆ.

ಟ್ಯೂನ್ ಮಾಡುವ ಕ್ರಮ: ಬಯಾಸ್ ರೆಸಿಸ್ಟರ್ 100 ಕಿಲೋಓಮ್ ಡಯೋಡ್‌ಗೆ ಅಡ್ಡಲಾಗಿ. ಕಡಿಮೆ ಡ್ರೈವ್‌ನಲ್ಲಿ ಮೊದಲು ಇನ್‌ಪುಟ್ ಮ್ಯಾಚ್, ಆಮೇಲೆ ಐಡ್ಲರ್, ಆಮೇಲೆ ಔಟ್‌ಪುಟ್. ಮೂರೂ ಒಂದನ್ನೊಂದು ಎಳೆಯುತ್ತವೆ, ಎರಡು ಮೂರು ಸುತ್ತು ಬರಬೇಕು. ಬಳಿಕ ಡ್ರೈವನ್ನು ಮೆಲ್ಲಗೆ ಏರಿಸಿ ಮತ್ತೆ ತಿದ್ದಿ. ಏರಿಸುವಾಗ ಔಟ್‌ಪುಟ್ ತಟ್ಟನೆ ಜಿಗಿದು, ಇಳಿಸುವಾಗ ಬೇರೆ ಲೆವೆಲ್‌ನಲ್ಲಿ ಬಿದ್ದರೆ ಟ್ಯೂನಿಂಗ್ ಅಂಚಿನಲ್ಲಿದೆ ಎಂದರ್ಥ. ಪವರ್ ಸ್ವಲ್ಪ ಬಿಟ್ಟುಕೊಟ್ಟು ಒಳಕ್ಕೆ ಸರಿಯಿರಿ. 72 ಮೆಗಾಹರ್ಟ್ಸ್ ಕಾಣಿಸಿಕೊಂಡರೆ ಪ್ಯಾರಾಮೆಟ್ರಿಕ್ ಆಸಿಲೇಷನ್. ಒಳಬದಿಯಲ್ಲಿ ಆ ಆವರ್ತನಕ್ಕೆ ರೆಸೊನೆನ್ಸ್ ಕೊಡುವ ಚೋಕ್ ಯಾವುದೆಂದು ಹುಡುಕಿ. ಶೇ. 50 ದಕ್ಷತೆ ಬಂದರೂ 20 ವಾಟ್ ಒಳಹೋದಾಗ 10 ವಾಟ್ ಶಾಖ ಡಯೋಡ್ ಮತ್ತು ಕಾಯಿಲ್‌ಗಳಲ್ಲೇ ಉಳಿಯುತ್ತದೆ. ಡಯೋಡ್‌ನ ಬುಡ ತಾಮ್ರದ ಗೋಡೆಗೆ ಬಿಗಿಯಾಗಿ ಕೂತಿರಲಿ.

ಎಫ್‌ಎಂ, ಎಸ್‌ಎಸ್‌ಬಿ ಸಿಗ್ನಲನ್ನ ಗುಣಕದಲ್ಲಿ ಹಾಯಿಸಬಹುದಾ?

ಸಿಡಬ್ಲ್ಯೂ (ಮೋರ್ಸ್ ಕಳಿಸುವ ಬರೀ ಕ್ಯಾರಿಯರ್), ಎಫ್‌ಎಂ ಹಾಯುತ್ತವೆ. ಎಫ್‌ಎಂ ಡೀವಿಯೇಷನ್ ಕೂಡ ಅಷ್ಟೇ ಪಟ್ಟಾಗುತ್ತದೆ, ಹಾಗಾಗಿ 5 ಕಿಲೋಹರ್ಟ್ಸ್ ಬೇಕಿದ್ದರೆ ಟ್ರಿಪ್ಲರ್‌ಗೆ 1.67 ಮಾತ್ರ ಕೊಡಿ. ಎಸ್‌ಎಸ್‌ಬಿ (ಒಂದೇ ಸೈಡ್‌ಬ್ಯಾಂಡ್ ಕಳಿಸುವ ಬಗೆ) ಮತ್ತು ಎಎಂ ಗುರುತು ಸಿಗದಂತೆ ಕೆಡುತ್ತವೆ, ಅವಕ್ಕೆ ಮಿಕ್ಸರ್ ಬೇಕು.

ಸ್ಟೆಪ್ ರಿಕವರಿ ಡಯೋಡ್ ಆರಿಸುವಾಗ ಡೇಟಾಶೀಟ್‌ನಲ್ಲಿ ಏನು ನೋಡಬೇಕು?

ಎರಡು ಕಾಲಗಳು. ಒಂದು ಕ್ಯಾರಿಯರ್ ಲೈಫ್‌ಟೈಮ್: 2π × ಇನ್‌ಪುಟ್ ಆವರ್ತನ × ಲೈಫ್‌ಟೈಮ್ 10ಕ್ಕಿಂತ ಹೆಚ್ಚಿರಬೇಕು. 100 ಮೆಗಾಹರ್ಟ್ಸ್‌ಗೆ 16 ನ್ಯಾನೋಸೆಕೆಂಡ್. ಕಡಿಮೆಯಿದ್ದರೆ ಮುಂದಿನ ಅರ್ಧ ಸುತ್ತಿನಲ್ಲಿ ಹೊರಗೆಳೆಯುವ ಮುನ್ನವೇ ಚಾರ್ಜ್ ಕರಗಿಹೋಗುತ್ತದೆ. ಎರಡನೆಯದು ಟ್ರಾನ್ಸಿಷನ್ ಟೈಮ್: ಔಟ್‌ಪುಟ್ ಆವರ್ತನದ ಒಂದು ಅವಧಿಗಿಂತ ಕಡಿಮೆ. 10 ಗಿಗಾಹರ್ಟ್ಸ್‌ಗೆ 100 ಪಿಕೋಸೆಕೆಂಡ್ ಒಳಗೆ.

ಡಯೋಡ್ ಮುಂದಿನ ಡ್ರೈವ್ ಇಂಡಕ್ಟರ್ ಪಲ್ಸ್‌ನ ಅಗಲ ತೀರ್ಮಾನಿಸುತ್ತದೆ: π × ವರ್ಗಮೂಲ (ಇಂಡಕ್ಟೆನ್ಸ್ × ಡಯೋಡ್‌ನ ರಿವರ್ಸ್ ಕೆಪಾಸಿಟೆನ್ಸ್). ಇದನ್ನು ಔಟ್‌ಪುಟ್ ಅವಧಿಯ ಅರ್ಧಕ್ಕೂ ಒಂದಕ್ಕೂ ನಡುವೆ ಇಡಿ. 1 ಗಿಗಾಹರ್ಟ್ಸ್‌ಗೆ 1 ಪಿಕೋಫ್ಯಾರಡ್ ಡಯೋಡ್ ಆದರೆ 25ರಿಂದ 100 ನ್ಯಾನೋಹೆನ್ರಿ. 10 ಗಿಗಾಹರ್ಟ್ಸ್‌ನಲ್ಲಿ ಇದು 1 ನ್ಯಾನೋಹೆನ್ರಿಗಿಂತ ಕೆಳಗಿಳಿಯುತ್ತದೆ, ಆಗ ಡಯೋಡ್‌ನ ಕಾಲೇ ಇಂಡಕ್ಟರ್.

ಬಯಾಸ್ ರೆಸಿಸ್ಟರ್ ಜಾಗದಲ್ಲಿ ಮೊದಲು 5 ಕಿಲೋಓಮ್ ಪಾಟ್ ಇಟ್ಟು ಹುಡುಕಿ. ಹಾರ್ಮೋನಿಕ್ ಗೆರೆಗಳ ನಡುವೆ ಅರ್ಧ ದೂರದಲ್ಲಿ ಹೊಸ ಗೆರೆ ಮೂಡಿದರೆ ಅಥವಾ ಗೆರೆಗಳಿಗೆ ಕೂದಲು ಬಂದಂತೆ ಕಂಡರೆ ಅಸ್ಥಿರತೆ. ಪಾಟ್ ತಿರುಗಿಸಿ, ಒಳಬದಿಗೆ 3–6 ಡಿಬಿ ಪ್ಯಾಡ್ ಸೇರಿಸಿ, ಬೈಪಾಸ್ ಕೆಪಾಸಿಟರ್‌ನ ಕಾಲು ಮೊಟಕು ಮಾಡಿ.

12ರಿಂದ 24 ಗಿಗಾಹರ್ಟ್ಸ್ ಡಬ್ಲರ್‌ಗೆ ಫಿಲ್ಟರ್ ಎಲ್ಲಿಂದ ತರಲಿ?

ವೇವ್‌ಗೈಡ್‌ನ ಒಂದು ತುಂಡೇ ಫಿಲ್ಟರ್. ಡಬ್ಲ್ಯುಆರ್-42ರ ಒಳ ಅಗಲ 10.67 ಮಿಲಿಮೀಟರ್, ಕಟ್‌ಆಫ್ 14.05 ಗಿಗಾಹರ್ಟ್ಸ್. 24 ಸಲೀಸಾಗಿ ಹೋಗುತ್ತದೆ, 12ಕ್ಕೆ ಪ್ರವೇಶವಿಲ್ಲ. ಕಟ್‌ಆಫ್ ಕೆಳಗಿನ 12 ಗಿಗಾಹರ್ಟ್ಸ್ ಪ್ರತಿ ಮಿಲಿಮೀಟರ್‌ಗೆ 1.33 ಡಿಬಿ ಸೊರಗುತ್ತದೆ, 30 ಮಿಲಿಮೀಟರ್ ಉದ್ದಕ್ಕೆ 40 ಡಿಬಿ. ಟ್ಯೂನ್ ಮಾಡುವ ಸ್ಕ್ರೂ ಕೂಡ ಬೇಡ. ಆದರೆ ಇದು ಹೈಪಾಸ್. 36, 48 ಗಿಗಾಹರ್ಟ್ಸ್ ಹಾರ್ಮೋನಿಕ್‌ಗಳನ್ನು ಅದು ಕೇಳದೆ ಒಳಬಿಡುತ್ತದೆ.

ಡಯೋಡ್ ಗುಣಕದಲ್ಲಿ ಎಲ್ಲಿಯವರೆಗೆ ಹೋಗಬಹುದು?

ಟೆರಾಹರ್ಟ್ಸ್ ದಾಟಬಹುದು. 2009ರಲ್ಲಿ ಹಾರಿದ ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಹೈಫೈ ಉಪಕರಣದಲ್ಲಿ 1.9 ಟೆರಾಹರ್ಟ್ಸ್‌ವರೆಗಿನ ಲೋಕಲ್ ಆಸಿಲೇಟರ್ ಸಿಗ್ನಲ್ ಬಂದದ್ದು ಗ್ಯಾಲಿಯಂ ಆರ್ಸೆನೈಡ್ ಶಾಟ್ಕಿ ಗುಣಕಗಳ ಸರಪಳಿಯಿಂದ. ಸುಮಾರು 100 ಗಿಗಾಹರ್ಟ್ಸ್ ಆಸುಪಾಸಿನ ಆಂಪ್ಲಿಫೈಯರ್‌ನಿಂದ ಹೊರಟು ಡಬ್ಲರ್, ಟ್ರಿಪ್ಲರ್ ಒಂದರ ಹಿಂದೊಂದು. ಅಲ್ಲಿ ಡಯೋಡ್ ಬೇರೆ, ಸರ್ಕ್ಯೂಟ್ ಬೇರೆ ಎಂಬುದಿಲ್ಲ, ಎರಡನ್ನೂ ಕೆಲವೇ ಮೈಕ್ರಾನ್ ದಪ್ಪದ ಒಂದೇ ಪೊರೆಯ ಮೇಲೆ ಕೆತ್ತಿ ವೇವ್‌ಗೈಡ್ ಒಳಗೆ ತೂಗಿಬಿಡುತ್ತಾರೆ. ಆ ಎತ್ತರದಲ್ಲಿ ಬೆಸುಗೆಯ ಒಂದು ಹನಿಯೂ ದೊಡ್ಡ ಇಂಡಕ್ಟರ್.